ಒಂದೆರಡು ಲೈನ್ ಸಾಕು

ನಮ್ಮ ದೊಡ್ಡಪ್ಪ ಮಾತು ಶುರುಮಾಡುವ ಮೊದಲು ಮೂಗಿನಿಂದ ಒಂದು ಸದ್ದು ಹೊರಡಿಸುತ್ತಾರೆ. ಎತ್ತು ನೀರು ಕುಡಿದು ತಲೆಯೆತ್ತಿದಾಗ ಬರುವಂಥ ಸದ್ದು. ಅದನ್ನು ನಾನು ಅವರಿಗಿಂತ ಚೆನ್ನಾಗಿ ಹೊರಡಿಸಬಲ್ಲೆ. ಒಮ್ಮೆ ಜಗಲಿಯ ಮರೆಯಲ್ಲಿ ನಿಂತು ಹಾಗೆ ಮಾಡಿದ್ದಕ್ಕೆ ದೊಡ್ಡಮ್ಮ ತಲೆಬಗ್ಗಿಸಿಕೊಂಡೇ ಬಂದು, ಖಾಲಿ ಕುರ್ಚಿಯ ಪಕ್ಕದಲ್ಲಿ ಕಾಫಿ ಲೋಟ ಇಟ್ಟು, "ಬಿಸಿ ಉಟ್ಟು, ನಿಧಾನ" ಎಂದು, ಉಂಟು ಎನ್ನುವುದಕ್ಕೆ ಉಟ್ಟು ಎನ್ನುವ ನಮ್ಮ ಮನೆಮಾತಿನಲ್ಲಿ ಹೇಳಿ ಒಳಗೆ ಹೋಗಿದ್ದರು. ಕಾಫಿ ನಾನು ಕುಡಿದೆ. ಆಮೇಲೆ ಬೆನ್ನಿಗೆ ಬಿದ್ದ ಏಟೂ ನನ್ನದೇ.

ನಮ್ಮೂರು ಗಾಳಿಬೀಡಿನಲ್ಲಿ ನನ್ನ ಬಾಯಿಗೆ ಸಿಕ್ಕದೆ ಉಳಿದವರು ಕಡಿಮೆ. ಮಡಿಕೇರಿಯಲ್ಲಿ ಮೆಟ್ರಿಕ್ ಪರೀಕ್ಷೆಗೆ ಕೂತು, ಇಂಗ್ಲಿಷಿನಲ್ಲಿ ಪಾಸಾಗಿ ಮಿಕ್ಕೆಲ್ಲದರಲ್ಲಿ ಬಿದ್ದು, ಆ ಸುದ್ದಿಯನ್ನು ಹೆಡ್‌ಮಾಸ್ಟರರ ಗಂಟಲಿನಲ್ಲೇ ಮನೆಯವರಿಗೆ ತಿಳಿಸಿದವನು ನಾನು. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ಮುಖವೂ ಯಾರನ್ನೋ ಅಣಕಿಸುತ್ತಿರುವಂತೆ ಕಾಣುತ್ತದೆ. ಯಾರನ್ನೆಂದು ಮಾತ್ರ ಇನ್ನೂ ಪತ್ತೆಯಾಗಿಲ್ಲ.

ಅಕ್ಕನನ್ನು ಮಾತ್ರ ಅಣಕಿಸಲು ಬರುತ್ತಿರಲಿಲ್ಲ. ಒಂದು ಮೊಳೆಯೂ ಇಲ್ಲದ ಗೋಡೆಯಂಥ ಮಾತು ಅವಳದು. ಅಣಕ ನೇತುಹಾಕಲು ಎಲ್ಲೂ ಜಾಗವಿಲ್ಲ. ಅವಳನ್ನು ಕುಟ್ಟ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ಭಾವ ಕಾಫಿ ವ್ಯಾಪಾರ ಮಾಡುತ್ತಿದ್ದರು. ಹಗಲು ಬಾಯಲ್ಲಿ ಮಾತಾಡಿದರೆ ಕುಡಿದ ಮೇಲೆ ಕೈಯಲ್ಲಿ ಮಾತಾಡುತ್ತಿದ್ದರು. ಒಂದು ದಿನ ಅಕ್ಕ ಕೈಯಲ್ಲಿ ಒಂದು ಗಂಟು ಹಿಡಿದು ಮನೆಯ ಅಂಗಳಕ್ಕೆ ಬಂದು ನಿಂತಳು. "ಯಾವಾಗ ವಾಪಸು?" ಎಂದರು ದೊಡ್ಡಪ್ಪ. "ಕೆಲಸ ಉಟ್ಟು" ಎಂದಳು ಅಕ್ಕ. ಎಂಥ ಕೆಲಸವೆಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲವೆಂದು ನನ್ನ ಗುಮಾನಿ. ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿಕ್ಕಂದಿನಲ್ಲಿ ಕಲಿತ ಅಕ್ಷರ ಅವಳಲ್ಲಿ ಇನ್ನೂ ಇತ್ತು. ಕಾಫಿ ಕಣದ ಪಕ್ಕದ ಗೋದಾಮು ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತಿತ್ತು. ಅಲ್ಲಿ ಸುತ್ತಲಿನ ಮನೆಗಳ ಗೂಡೆಗಳನ್ನು, ಅಂದರೆ ಹುಡುಗಿಯರನ್ನು, ಕೂರಿಸಿಕೊಂಡು ಓದಿಸಲು ಶುರುಮಾಡಿದಳು.

ದೊಡ್ಡಪ್ಪ ನಿವೃತ್ತ ಪಾರ್ಪತ್ಯಗಾರರು. ನಾಡಿನ ಕಂದಾಯ ವಸೂಲಿಗೆ ಊರೂರು ಸುತ್ತಿ ಜನರನ್ನು ನಡುಗಿಸಿದವರು. ಸರ್ಕಾರ ಪೆನ್ಷನ್ ಕೊಟ್ಟು ಅವರನ್ನು ಮನೆಗೆ ಕಳುಹಿಸಿದರೆ ಅವರು ಮನೆಯನ್ನೇ ಕಚೇರಿ ಮಾಡಿಕೊಂಡರು. ಗೋದಾಮಿನಲ್ಲಿ ಹುಡುಗಿಯರ ಗದ್ದಲ ಕೇಳಿ ಮೊದಲು ಬೆತ್ತ ಹಿಡಿದು ಹೋದವರು, ಅಲ್ಲಿ ಒಂದು ಕ್ಷಣ ನಿಂತು, ಮೂಗಿನ ಸದ್ದು ಮಾಡಿ ಹಿಂದಿರುಗಿದರು. ಮಾರನೆಯ ದಿನವೇ 'ಬಾಲಿಕಾ ವಿದ್ಯಾಭಿವೃದ್ಧಿ ಸಂಘ' ಹುಟ್ಟಿತು. ಅಧ್ಯಕ್ಷರು ಅವರು. ಅವರ ತಲೆ ಆಡಿದ ಕಡೆಗೆ ತಲೆ ಆಡಿಸುವ ಇಬ್ಬರು ನೆಂಟರು ಸದಸ್ಯರು. ಇಂಗ್ಲಿಷ್ ಬಲ್ಲವನೆಂದು ನಾನು ಕಾರ್ಯದರ್ಶಿ. ಅಕ್ಕ ಏನೂ ಅಲ್ಲ. ಹೊಸ ವರ್ಷಕ್ಕೆ ಸರ್ಕಾರ ಹಂಚುವ 'ರಾವ್ ಸಾಹೇಬ' ಬಿರುದಿನ ಮೇಲೆ ದೊಡ್ಡಪ್ಪನಿಗೆ ಕಣ್ಣಿತ್ತು. ಹೆಣ್ಣುಮಕ್ಕಳ ವಿದ್ಯೆ ಎಂದರೆ ದೊರೆಗಳು ಮೆಚ್ಚುತ್ತಾರೆಂದು ಅವರಿಗೆ ಯಾರೋ ಕಿವಿಯೂದಿದ್ದರು.

ಆದರೆ ಅಕ್ಕನಿಗೆ ಅವರು ಗಡುವು ಹಾಕಿಯೇ ಇಟ್ಟಿದ್ದರು. "ನೋಡ್ ಗೂಡೆ, ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಗುವ ತನಕ ಗೋದಾಮು ನಿಂದು. ಮತ್ತೆ ಅದರಲ್ಲಿ ಕಾಫಿ ತುಂಬಬೇಕು. ಅಷ್ಟರಲ್ಲಿ ಸಂಘಕ್ಕೆ ಎಲ್ಲಿಂದಾದರೂ ಒಂದು ಸೂರು ಆದರೆ ಆಯಿತು. ಇಲ್ಲೆ ಅಂದರೆ ಶಾಲೆ ಇಲ್ಲೆ. ಶಾಲೆ ಇಲ್ಲದಿದ್ದರೆ ನಿಂಗೆ ಇಲ್ಲಿ ಎಂಥ ಕೆಲಸ? ಗಾಡಿ ಕಟ್ಟಿಸುತ್ತೇನೆ, ಕುಟ್ಟಕ್ಕೆ ಹೋಗು."

ಗಿಡದಲ್ಲಿ ಹಣ್ಣು ಕೆಂಪಾಗುವುದನ್ನು ನಮ್ಮೂರಲ್ಲಿ ಎಲ್ಲರೂ ಆಸೆಯಿಂದ ನೋಡುತ್ತಾರೆ. ಆ ವರ್ಷ ಅಕ್ಕ ಹಸಿರು ಕಾಯಿಯನ್ನು ಅಷ್ಟೇ ಆಸೆಯಿಂದ ನೋಡುತ್ತಿದ್ದಳು.

ಆಗ ಬಂದದ್ದು ಆ ನೋಟೀಸು. ತೋಟದ ದೊರೆಗಳ ಹೆಂಡತಿಯರು ಸೇರಿ ಮಡಿಕೇರಿಯಲ್ಲಿ ಒಂದು ಧರ್ಮನಿಧಿ ನಡೆಸುತ್ತಿದ್ದರು. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಎಂದು ಒಳ್ಳೆಯ ಕೆಲಸಕ್ಕೆ ಹಣ ಕೊಡುತ್ತಿದ್ದರು. ಹಣ ಬೇಕೆನ್ನುವ ಸಂಘದವರು ಒಮ್ಮೆಲೇ ಅರ್ಜಿ ಹಾಕುವಂತಿಲ್ಲ. ಮೊದಲು ತಮ್ಮ ಇರಾದೆ ತಿಳಿಸಿ ಒಂದು ಕಾಗದ ಬರೆಯಬೇಕು. ನಾವು ಯಾರು, ಈಗ ಏನು ಮಾಡುತ್ತಿದ್ದೇವೆ, ಹಣ ಸಿಕ್ಕರೆ ಏನು ಮಾಡಬೇಕೆಂದಿದ್ದೇವೆ, ಇಷ್ಟು. ಕಾಗದ ಮೆಚ್ಚಿಗೆಯಾದರೆ ಅವರೇ ಬಂದು ನೋಡಿ, ಅರ್ಜಿಯ ಫಾರಂ ಕಳುಹಿಸುವರು. ನೋಟೀಸಿನ ಕೊನೆಗೆ ಎರಡು ಮಾತು: ಕಾಗದ ದೊಡ್ಡದಾಗುವುದು ಬೇಡ, ಎ ಫ್ಯೂ ಲೈನ್ಸ್ ಸಾಕು, ಕೆಳಗೆ ರೈಟರ್ ತನ್ನ ಸಹಿ ಹಾಕತಕ್ಕದ್ದು.

ಕೊಡಗಿನ ಹೊರಗಿನವರಿಗೆ ಇದರಲ್ಲಿ ಏನೂ ಕಾಣಿಸದು. ಒಂದೆರಡು ಸಾಲು ಬರೆಯಿರಿ, ಬರೆದವರು ಸಹಿ ಹಾಕಿರಿ, ಅಷ್ಟೇ ಅಲ್ಲವೇ? ಆದರೆ ನಮ್ಮಲ್ಲಿ ಲೈನ್ ಎಂದರೆ ತೋಟದ ಆಳುಗಳು ಸಂಸಾರ ಮಾಡುವ ಉದ್ದನೆಯ ಸಾಲುಮನೆ. ರೈಟರ್ ಎಂದರೆ ಆ ಆಳುಗಳ ಹಾಜರಿ ಹಿಡಿದು, ಬೈದು, ಬಟವಾಡೆ ಮಾಡುವ ತೋಟದ ಗುಮಾಸ್ತ. ಹುಟ್ಟಿದಂದಿನಿಂದ ಆ ಎರಡು ಪದವನ್ನು ಬೇರೆ ಅರ್ಥದಲ್ಲಿ ಕೇಳಿದವರು ಊರಲ್ಲಿ ಯಾರಿದ್ದಾರೆ? ಅದೂ ನೋಟೀಸು ಬಂದದ್ದು ತೋಟದ ದೊರೆಸಾನಿಯರಿಂದ.

ದೊಡ್ಡಪ್ಪ ಸಂಘದ ಸಭೆ ಕರೆದರು. ಮೂಗಿನ ಸದ್ದಾಯಿತು.

"ನೋಡಿದಿರಾ ಇವರ ಬುದ್ಧಿ? ಧರ್ಮವಂತೆ! ಒಂದೆರಡು ಲೈನ್ ಇರಬೇಕಂತೆ, ರೈಟರ್ ಸೈನ್ ಬೇಕಂತೆ. ಅಂದರೆ ಹಣ ಎಲ್ಲ ಅವರ ಆಳುಗಳ ಮಕ್ಕಳಿಗೆ. ನಮ್ಮ ಗೂಡೆಗಳನ್ನು ಲೈನಿನ ಗೂಡೆಗಳ ಜೊತೆ ಕೂರಿಸಬೇಕೋ?"

ಇಬ್ಬರು ನೆಂಟರು ತಲೆ ಆಡಿಸಿದರು.

ನಾನು ನೋಟೀಸು ಇಸಿದುಕೊಂಡು ಓದಿ, ನಕ್ಕು, ಇದು ಹಾಗಲ್ಲವೆಂದು ತಿಳಿಸಿ ಹೇಳಬೇಕಿತ್ತು. ತಿಳಿಸಿಯೇ ಹೇಳಿದೆ. ಆದರೆ ಸುಮ್ಮನೆ ಹೇಳುವುದು ನನ್ನ ಜಾತಕದಲ್ಲಿ ಇಲ್ಲವಲ್ಲ. ಎದ್ದು ನಿಂತು, ಕೊಡೆ ಹಿಡಿದ ದೊರೆಸಾನಿಯ ಹಾಗೆ ಸೊಂಟಕ್ಕೆ ಕೈಕೊಟ್ಟು, ಗಂಟಲನ್ನು ಮೇಲಕ್ಕೆಳೆದು, "ಓ ಪಾರ್ಪತ್ಯಗಾರ್! ಲೈನ್ ಅಂದ್ರೆ ಬರೆಯೋ ಲೈನ್! ರೈಟರ್ ಅಂದ್ರೆ ಬರ್‍ದೋನು! ಯು ಸಿಲ್ಲಿ ಮ್ಯಾನ್!" ಎಂದೆ.

ಯಾರೂ ನಗಲಿಲ್ಲ.

"ಇವಂಗೆ ಎಲ್ಲದೂ ಆಟ" ಎಂದರು ದೊಡ್ಡಪ್ಪ. "ಮೆಟ್ರಿಕ್ ಫೇಲಾದವ ನಂಗೆ ಇಂಗ್ಲಿಷ್ ಕಲಿಸಲಿಕ್ಕೆ ಬಂದ. ನಾನು ಕಮಿಷನರ್ ದೊರೆಗೆ ರಿಪೋರ್ಟು ಬರೆದವ ಕಣೋ! ಲೈನ್ ಅಂದರೆ ಎಂಥ ಅಂತ ನಂಗೆ ಗೊತ್ತಿಲ್ಲೆಯಾ? ಕೂರ್!"

"ದೊಡ್ಡಪ್ಪ, ನಿಜವಾಗಿ ಹೇಳ್ತಾ ಇದ್ದೇನೆ—"

"ನಿಜವಾಗಿ ನೀನು ಹೇಳಿದ್ದು ಯಾವಾಗ?"

ನಾನು ಕೂತೆ. ಊರೆಲ್ಲರ ಗಂಟಲಲ್ಲಿ ಮಾತಾಡಿ ಮಾತಾಡಿ ನನ್ನ ಸ್ವಂತ ಗಂಟಲಿಗೆ ಬೆಲೆಯೇ ಉಳಿದಿರಲಿಲ್ಲ.

ಸಭೆ ಮುಗಿದ ಮೇಲೆ ಅಕ್ಕ ನನ್ನನ್ನು ಕಣದ ಮೂಲೆಗೆ ಕರೆದಳು. "ಏ ಹೈದ, ಯಾರ ಹಾಗೂ ಮಾಡದೆ ಹೇಳು. ಅದರಲ್ಲಿ ಏನು ಬರೆದುಂಟು?"

ಹೇಳಿದೆ. ಅವಳು ಪೂರ್ತಿ ಕೇಳಿದಳು. ಆ ವರ್ಷ ಮಳೆ ಹಿಡಿದ ಹೊಸದರಲ್ಲಿ ಪಕ್ಕದ ತೋಟದ ಲೈನಿನಿಂದ ಇಬ್ಬರು ಹುಡುಗಿಯರು ಗೋದಾಮಿನ ಬಾಗಿಲಿಗೆ ಬಂದು ನಿಂತಿದ್ದರು. ಅಕ್ಕ ಒಳಗೆ ಕರೆದಿದ್ದಳು. ದೊಡ್ಡಪ್ಪ ಬೆತ್ತ ಬೀಸಿ ಅಟ್ಟಿದ್ದರು. ಅಂದು ರಾತ್ರಿ ಊಟಕ್ಕೆ ಅಕ್ಕ ಬರಲಿಲ್ಲ. ದೊಡ್ಡಪ್ಪ ಎರಡು ಸಲ ಅನ್ನ ಬಡಿಸಿಕೊಂಡು ಉಂಡರು.

"ಹಾಗಾದರೆ ನೀನಿನ್ನು ಬಾಯಿ ಮುಚ್ಚು" ಎಂದಳು ಅಕ್ಕ.

"ತಪ್ಪಾಗಿ ಓದಿದ್ದಾರೆ ಅಕ್ಕ."

"ಅವರು ಸರಿಯಾಗಿ ಓದಿದ್ದು ಇದೊಂದೇ. ಕೆಡಿಸಬೇಡ."

ದೊಡ್ಡಪ್ಪನ ಎದೆಯೊಳಗೆ ಆಮೇಲೆ ಕೆಲವು ದಿನ ಲೈನಿಗೂ ರಾವ್ ಸಾಹೇಬನಿಗೂ ಕುಸ್ತಿ ನಡೆಯಿತು. ರಾವ್ ಸಾಹೇಬ ಗೆದ್ದ. ಒಂದು ಬೆಳಗ್ಗೆ ನನ್ನನ್ನು ಕರೆದು ಕಾಗದ, ಮಸಿ, ನಿಬ್ಬು ಮುಂದಿಟ್ಟು, "ಬರಿ" ಎಂದರು.

ಹೇಳಿಸಿದ ಕಾಗದ ಇನ್ನೂ ನನ್ನ ಕಿವಿಯಲ್ಲಿದೆ. ಅತ್ಯಂತ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಕೆಳಗೆ ರುಜು ಮಾಡಿದವನು ಬಹುಕಾಲ ಸರ್ಕಾರದ ಸೇವೆಯಲ್ಲಿದ್ದು, ಇಂಥಿಂಥ ದೊರೆಗಳ ಕೃಪೆಗೆ ಪಾತ್ರನಾಗಿ, ಒಂದು ಹುಲಿ ಕೊಂದು, ಕಂದಾಯ ಬಾಕಿ ಉಳಿಸಿಕೊಂಡ ಎಷ್ಟೋ ದುಷ್ಟರನ್ನು ಹದಕ್ಕೆ ತಂದು... ಹುಲಿ ಮುಗಿಯುವಷ್ಟರಲ್ಲಿ ಹಾಳೆ ಮುಗಿಯಿತು.

"ಇದರಲ್ಲಿ ಶಾಲೆ ಎಲ್ಲುಂಟು?" ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ.

"ಬರುತ್ತದೆ, ಬರುತ್ತದೆ. ಮೊದಲು ನಾವು ಯಾರು ಅಂತ ಅವರಿಗೆ ಗೊತ್ತಾಗಬೇಡವಾ?"

"ಇರಾದೆ ಎಂಥ ಅಂತ ಕೇಳಿದ್ದಾರೆ. ಹುಲಿ ಎಂಥ ಅಂತ ಅಲ್ಲ."

"ನನ್ನ ಇರಾದೆ ನಂಗೆ ಗೊತ್ತುಟ್ಟು!"

"ನಂಗೂ ಗೊತ್ತುಟ್ಟು. ಊರಿಗೇ ಗೊತ್ತುಟ್ಟು" ಎಂದಳು ಅಕ್ಕ.

ನಾನು ಕೆಮ್ಮಿದೆ. ದೊಡ್ಡಪ್ಪ ನನ್ನ ಕಡೆ ತಿರುಗಿ, "ನಗಬೇಡ" ಎಂದರು. ನಾನು ನಕ್ಕಿರಲಿಲ್ಲ, ಮುಖವೇ ಹಾಗಿದೆ. ಆ ಜಗಳ ಎರಡು ದಿನ ನಡೆಯಿತು. ದೊಡ್ಡಪ್ಪ ಹುಲಿಯನ್ನು ಬಿಡಲಿಲ್ಲ. ಅಕ್ಕ ಶಾಲೆಯನ್ನು ಬಿಡಲಿಲ್ಲ. ಕಡೆಗೆ ಹಾಳೆಯ ಮೇಲರ್ಧ ದೊಡ್ಡಪ್ಪನಿಗೆ, ಕೆಳಗಿನರ್ಧ ಅಕ್ಕನಿಗೆ ಎಂದು ಗದ್ದೆ ಪಾಲು ಮಾಡಿದ ಹಾಗೆ ಪಾಲಾಯಿತು. ಅವಳು ಹೇಳಿದ್ದು ಇಷ್ಟೇ: "ಇಲ್ಲಿ ಗೂಡೆಗಳು ಓದುತ್ತಾವೆ. ಪಿಕ್ಕಿಂಗ್ ಶುರುವಾದರೆ ಜಾಗ ಇಲ್ಲೆ. ಒಂದು ಸೂರು ಬೇಕು. ಲೈನಿನ ಗೂಡೆಗಳಿಗೂ ಬಾಗಿಲು ತೆಗೆಯಬೇಕು ಅಂತ ನಮ್ಮ ಇರಾದೆ. ತೆಗೆದ ಬಾಗಿಲು ಮತ್ತೆ ಹಾಕುವುದಿಲ್ಲೆ."

ಕೊನೆಯ ಮಾತಿಗೆ ದೊಡ್ಡಪ್ಪ ಹುಬ್ಬು ಗಂಟಿಕ್ಕಿದರು. "ಅಷ್ಟು ಬೇಡ. ದೊರೆಸಾನಿ ಬಂದುಹೋಗುವ ದಿನ ಇದ್ದರೆ ಸಾಕು."

"ಹಾಗೇ ಬರೆಯಲಾ?" ಎಂದೆ ನಾನು.

ಅವರು ಮೂಗಿನ ಸದ್ದು ಮಾಡಿದರು. ನಾನು ಅಕ್ಕ ಹೇಳಿದ್ದನ್ನೇ ಬರೆದೆ.

ಇನ್ನು ರೈಟರ್ ಸಹಿ. ಪಕ್ಕದ ತೋಟದ ರೈಟರ್ ಮಂಗಳೂರು ಕಡೆಯವರು. ದೊಡ್ಡಪ್ಪ ಅಧಿಕಾರದಲ್ಲಿದ್ದಾಗ ಏನೋ ಕೆಲಸಕ್ಕೆಂದು ಬಂದ ಅವರನ್ನು ಒಂದು ಮಧ್ಯಾಹ್ನವೆಲ್ಲ ಮಳೆಯಲ್ಲಿ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದರಂತೆ. ಆ ಮಧ್ಯಾಹ್ನವನ್ನು ರೈಟರ್ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದರು. ನಾವು ಹೋದಾಗ ತಮ್ಮ ಮೇಜಿನ ಹಿಂದೆ ಕೂತೇ ಇದ್ದರು. ಎದುರಿಗೆ ಒಂದು ಕುರ್ಚಿ ಇತ್ತು. ಅದರ ಮೇಲೆ ಅವರ ಕೊಡೆ ಕೂತಿತ್ತು. ಕೊಡೆಯನ್ನು ಅವರು ಎಬ್ಬಿಸಲಿಲ್ಲ.

"ಓಹೋ, ಪಾರ್ಪತ್ಯಗಾರ್ರು! ಎಂತ ಮಾರಾಯ್ರೆ, ನಮ್ಮಂಥವರ ಹತ್ರ? ದಾರಿ ತಪ್ಪಿತಾ?"

"ಒಂದು ಸೈನ್ ಬೇಕಿತ್ತು ರೈಟ್ರೇ."

"ಸೈನು! ಪಾರ್ಪತ್ಯಗಾರ್ರಿಗೆ ನನ್ನ ಸೈನು!" ಕಾಗದವನ್ನು ಇಸಿದುಕೊಂಡು ಓದಿದರು. ನೋಟೀಸನ್ನೂ ಓದಿದರು. ಇವರೆಲ್ಲಿ ಸರಿಯಾಗಿ ಓದಿಬಿಡುತ್ತಾರೋ ಎಂದು ನಾನು ಉಸಿರು ಹಿಡಿದೆ. ರೈಟರ್ ಎಂಬಲ್ಲಿ ಬೆರಳಿಟ್ಟ ಅವರ ಮುಖ ಹಿಗ್ಗಿತು. "ಸರಿಯೇ. ರೈಟರ್ ಇಲ್ಲದೆ ದೊರೆಗಳಿಗೆ ಒಂದು ಹುಲ್ಲುಕಡ್ಡಿ ಅಲ್ಲಾಡುದಿಲ್ಲ, ಅದು ಅವರಿಗೆ ಗೊತ್ತುಂಟು. ಆದ್ರೆ ಲೈನಿನ ಹುಡುಗಿಯರು ಶಾಲೆಗೆ ಕೂತ್ರೆ ಹಣ್ಣು ಕೊಯ್ಯುದು ಯಾರು? ನೀವಾ?"

"ದೊರೆಸಾನಿ ಬಂದುಹೋಗುವ ಒಂದು ದಿನ, ರೈಟ್ರೇ. ಮತ್ತೆ ನಿಮ್ಮ ಗೂಡೆಗಳನ್ನು ನೀವೇ ಇಟ್ಟುಕೊಳ್ಳಿ."

"ನಿಂತುಕೊಂಡೇ ಕೇಳ್ತಿದ್ದೀರಲ್ಲ, ಕಾಲು ನೋಯುದಿಲ್ವಾ?"

"ಇಲ್ಲೆ."

"ನನಗೂ ಅವತ್ತು ನೋಯ್ಲಿಲ್ಲ" ಎಂದು ರೈಟರ್ ಕಾಗದದ ತಳಕ್ಕೆ ಸಹಿ ಹಾಕಿದರು. ಎಷ್ಟು ಉದ್ದದ ಸಹಿಯೆಂದರೆ ಅದರ ಬಾಲ ನನ್ನ ಹೆಸರನ್ನೂ ದೊಡ್ಡಪ್ಪನ ಹೆಸರನ್ನೂ ಅಡ್ಡಕ್ಕೆ ಹೊಡೆದು ಹಾಕಿತು.

ಹಿಂದಿರುಗುವಾಗ ದೊಡ್ಡಪ್ಪ ದಾರಿಯುದ್ದಕ್ಕೂ ತುಳುವರನ್ನೂ, ದೊರೆಗಳನ್ನೂ, ಅಕ್ಕನನ್ನೂ ಬೈದರು. ಏರು ದಾರಿಯಲ್ಲಿ ಉಸಿರು ಕಟ್ಟಿದಾಗ ನನ್ನನ್ನು ಬೈದರು. ನನ್ನನ್ನು ಬೈಯಲು ಅವರಿಗೆ ಹೆಚ್ಚು ಉಸಿರು ಬೇಕಾಗುವುದಿಲ್ಲ.

ಕಾಗದ ಮೆಚ್ಚಿಗೆಯಾಯಿತು. ನಿಧಿಯ ದೊರೆಸಾನಿ ನೋಡಲು ಬರುತ್ತಾರೆಂದು ಉತ್ತರ ಬಂತು. ಆಗ ದೊಡ್ಡಪ್ಪ ಒಂದು ದಿನದ ಬಾಡಿಗೆಗೆ ಹುಡುಗಿಯರನ್ನು ಕೇಳಲು ಜನ್ಮದಲ್ಲಿ ಮೊದಲ ಸಲ ಲೈನಿನ ಅಂಗಳಕ್ಕೆ ಕಾಲಿಟ್ಟರು. ಅವರ ಬೆತ್ತ, ಕೋಟು, ರುಮಾಲು ಕಂಡದ್ದೇ ತಡ, ಕಂದಾಯಕ್ಕೋ ಜಪ್ತಿಗೋ ಬಂದರೆಂದು ಬಾಗಿಲುಗಳೆಲ್ಲ ಪಟಪಟ ಮುಚ್ಚಿದವು. ಒಂದು ಕೋಳಿ ಮಾತ್ರ ಹೊರಗೆ ಉಳಿಯಿತು. ದೊಡ್ಡಪ್ಪ ಕೋಳಿಯ ಮುಂದೆ ನಿಂತು, "ಹೆದರಬೇಡಿ, ಮಕ್ಕಳನ್ನು ಕಳುಹಿಸಿ, ಅಕ್ಷರ ಕಲಿಸುತ್ತೇವೆ" ಎಂದು ಕೂಗಿದರು. ಅದನ್ನು ಅಣಕಿಸುವ ಅಗತ್ಯವೇ ನನಗೆ ಬೀಳಲಿಲ್ಲ. ಕಡೆಗೆ ಅಕ್ಕ ಹೋಗಿ ಒಂದೊಂದೇ ಬಾಗಿಲು ತಟ್ಟಿದಳು. ಮೊದಲು ತೆರೆದದ್ದು ಬೆತ್ತ ಬೀಸಿಸಿಕೊಂಡಿದ್ದ ಆ ಇಬ್ಬರು ಹುಡುಗಿಯರ ಮನೆಯ ಬಾಗಿಲು. ಅವರ ತಾಯಿ ದೊಡ್ಡಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅಕ್ಕನಿಗೆ, "ಇವರು ಮತ್ತೆ ಹೊಡೆದರೆ?" ಎಂದಳು.

"ಹೊಡೆಯುವುದಿಲ್ಲ" ಎಂದಳು ಅಕ್ಕ. "ಹೊಡೆದರೆ ನಾನಿದ್ದೇನೆ." ಇದು ದೊಡ್ಡಪ್ಪನ ಎದುರಿಗೇ.

ದೊರೆಸಾನಿ ಕುದುರೆಯ ಮೇಲೆ ಬಂದರು. ಬಿಸಿಲಿಗೆ ಬೆಂದ ಕೆಂಪು ಮುಖ, ಗಂಡಸರ ಟೋಪಿ. ಅವರ ಕನ್ನಡ ತೋಟದಲ್ಲಿ ಕಲಿತದ್ದು. ಅದರಲ್ಲಿ ಕ್ರಿಯಾಪದವೆಲ್ಲ ಅಪ್ಪಣೆ. ಬಾ, ಹೋಗು, ಎತ್ತು, ಇಡು. ಹಾರ ಹಿಡಿದು ನಿಂತಿದ್ದ ನಿವೃತ್ತ ಪಾರ್ಪತ್ಯಗಾರರಿಗೆ, "ಅದು ಆಮೇಲೆ. ನೀ ಕೂತ್ಕೋ" ಎಂದರು. ದೊಡ್ಡಪ್ಪ ಹಾರದ ಸಮೇತ ಕೂತರು.

ಗೋದಾಮಿನಲ್ಲಿ ಲೈನಿನ ಹುಡುಗಿಯರನ್ನು ಎಲ್ಲಕ್ಕಿಂತ ಮುಂದೆ ಕೂರಿಸಿದ್ದರು. ಊರಿನ ಹುಡುಗಿಯರು ಹಿಂದೆ ಮುಖ ಊದಿಸಿಕೊಂಡು ಕೂತಿದ್ದರು. ದೊರೆಸಾನಿ ಸುತ್ತ ನೋಡಿ, ನಮ್ಮ ಕಾಗದವನ್ನು ಜೇಬಿನಿಂದ ತೆಗೆದು, ಇದರ ರೈಟರ್ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಪಕ್ಕದ ತೋಟದ ರೈಟರ್ ಕೋಟಿನ ಗುಂಡಿ ಹಾಕಿಕೊಂಡು ಮುಂದೆ ಬಂದರು. "ಐ ಆಮ್ ದಿ ರೈಟರ್, ಮೇಡಂ."

"ನೀ ಬರ್‍ದಿ?"

"ಬರೆಯುದೇ ನನ್ನ ಕೆಲಸ, ಮೇಡಂ."

"ಸರಿ, ಹೇಳು. ಏನು ಮಾಡ್ಬೇಕು ಅಂತ ಉಂಟು?"

ರೈಟರ್ ಗಂಟಲು ಸರಿಮಾಡಿಕೊಂಡರು. ತಮ್ಮ ಇರಾದೆ ಕೇಳಿದ ಮೊದಲ ದೊರೆಸಾನಿ. ಈ ಅವಕಾಶ ಬಿಟ್ಟಾರೆಯೇ? "ಪಿಕ್ಕಿಂಗ್ ಶುರುವಾದ ಮೇಲೆ ಇದೆಲ್ಲ ಬಂದ್, ಮೇಡಂ. ಇವರ ಕೈ ಹಣ್ಣಿಗೆ ಬೇಕು. ಇವತ್ತು ನಿಮಗೆ ತೋರಿಸ್ಲಿಕ್ಕೆ ಬಿಟ್ಟದ್ದು. ನಾಳೆ ಎಲ್ಲರೂ ಕೆಲಸಕ್ಕೆ."

ದೊಡ್ಡಪ್ಪನ ಕೈಯ ಹಾರ ಮೆಲ್ಲಗೆ ಜಾರಿತು. ನಾನು ಅಕ್ಕನ ಕಡೆ ನೋಡಿದೆ. ಅವಳು ಮುಂದಿನ ಸಾಲಿನ ಆ ಇಬ್ಬರು ಹುಡುಗಿಯರ ಹಿಂದೆ ನಿಂತಿದ್ದಳು. ಕುಟ್ಟದ ಗಾಡಿ ಬಂದು ಅಂಗಳದಲ್ಲಿ ನಿಂತ ಹಾಗಿತ್ತು ಅವಳ ಮುಖ.

"ಅವರಲ್ಲ" ಎಂದಳು. "ಅದನ್ನು ಹೇಳಿದವಳು ನಾನು."

ದೊರೆಸಾನಿ ತಿರುಗಿದರು. ಅಕ್ಕ ನನಗೆ, "ಹೇಳು ಅವರಿಗೆ. ಯಾರ ಹಾಗೂ ಮಾಡಬೇಡ" ಎಂದಳು. ಅವಳು ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಗೂಡೆಗಳು ಓದುತ್ತಾವೆ. ಜಾಗ ಇಲ್ಲ. ಉಳಿದವರು ಇವರನ್ನು ಇವತ್ತು ತೋರಿಸಲು ತಂದದ್ದು ನಿಜ. ನಾನು ತಂದದ್ದು ಇಟ್ಟುಕೊಳ್ಳಲು. ಅದನ್ನು ಇಂಗ್ಲಿಷಿಗಿಳಿಸುವ ನನ್ನ ಮಾತಲ್ಲಿ ಏರಿಲ್ಲ, ಇಳಿವಿಲ್ಲ, ಮೂಗಿಲ್ಲ. ಅಷ್ಟು ಮಂಕಾಗಿ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ. ಮುಗಿದ ಮೇಲೆ ತಿಳಿಯಿತು, ಅಕ್ಕನ ಧ್ವನಿ ನನ್ನ ಬಾಯಿಗೆ ಬಂದಿತ್ತು. ಅದನ್ನು ಕೇಳಿ ನಗುವವರು ಯಾರೂ ಇರಲಿಲ್ಲವೆಂದು ನನಗೆ ಸ್ವಲ್ಪ ಬೇಸರವೂ ಆಯಿತು.

ಕೈತಪ್ಪಿಹೋಗುತ್ತಿದ್ದ ಬಿರುದನ್ನು ಹಿಡಿದೆಳೆಯಲು ದೊಡ್ಡಪ್ಪ ಎದ್ದು ನಿಂತರು. "ಮೇಡಂ! ಯುವರ್ ನೋಟೀಸ್ ಆಸ್ಕ್ಡ್ ಎ ಫ್ಯೂ ಲೈನ್ಸ್. ವಿ ಹ್ಯಾವ್ ಬ್ರಾಟ್ ಫುಲ್ ಲೈನ್ಸ್!" ಎಂದು ಮುಂದಿನ ಸಾಲಿನ ಹುಡುಗಿಯರ ಕಡೆ ಬೆತ್ತ ಚಾಚಿದರು.

ದೊರೆಸಾನಿ ಅವರನ್ನು ನೋಡಿದರು. ಹುಡುಗಿಯರನ್ನು ನೋಡಿದರು. ಕೋಟಿನ ಗುಂಡಿ ಹಾಕಿಕೊಂಡು ನಿಂತ ರೈಟರನ್ನು ನೋಡಿದರು. ಮೆಲ್ಲಗೆ ಅವರ ಕೆಂಪು ಮುಖ ಇನ್ನೂ ಕೆಂಪಾಯಿತು. ಸರ್ರನೆ ಗೋಡೆಯ ಕಡೆ ತಿರುಗಿ ಕರವಸ್ತ್ರಕ್ಕೆ ಬಹಳ ಹೊತ್ತು ಕೆಮ್ಮಿದರು. ಅಂಥ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ನಾನೇ ಎಷ್ಟೋ ಸಲ ಕೆಮ್ಮಿದ್ದೇನೆ. ತಿರುಗಿದಾಗ ಮುಖ ಕಲ್ಲಾಗಿತ್ತು. "ವೆರಿ ಗುಡ್" ಎಂದು ದೊಡ್ಡಪ್ಪನಿಗೆ ಹೇಳಿ, ಹಾರ ಹಾಕಿಸಿಕೊಳ್ಳದೆಯೇ ಕುದುರೆ ಹತ್ತಿದರು.

ಫಾರಂ ಬಂದದ್ದು ಹಣ್ಣು ಕೆಂಪಾಗತೊಡಗಿದ ಮೇಲೆ. ಅದರ ಜೊತೆಗಿನ ಕಾಗದವನ್ನು ಜಗಲಿಯಲ್ಲಿ ಎಲ್ಲರ ಮುಂದೆ ನಾನೇ ಓದಿದೆ, ನನ್ನ ಸ್ವಂತ ಗಂಟಲಲ್ಲಿ. ನಿಧಿ ಕೇಳಿದ್ದಕ್ಕಿಂತ ಹೆಚ್ಚಿನ ಉದಾರತೆಯನ್ನು ನಿಮ್ಮ ಸಂಘ ತೋರಿಸಿದೆ. ಲೈನಿನ ಮಕ್ಕಳು ವರ್ಷವಿಡೀ ಶಾಲೆಯಲ್ಲಿ ಇರತಕ್ಕದ್ದೆಂಬ ಶರತ್ತಿನ ಮೇಲೆ ನಿಧಿ ನೆರವು ಕೊಡುವುದು. ಕಟ್ಟಡ ಆಗುವ ತನಕ ಪಕ್ಕದ ತೋಟದ ಲೈನಿನಲ್ಲಿ ಖಾಲಿ ಇರುವ ಕೋಣೆಯೊಂದನ್ನು ಬಿಟ್ಟುಕೊಡಲು ಆ ತೋಟದ ದೊರೆ ಒಪ್ಪಿದ್ದಾರೆ.

ದೊಡ್ಡಪ್ಪ ಫಾರಂ ಕಿತ್ತುಕೊಂಡರು. "ಸೈನ್ ಹಾಕುವುದಿಲ್ಲೆ! ಒಂದು ದಿನ ಅಂದರೆ ವರ್ಷವಿಡೀ ಅಂತೆ! ಊರಲ್ಲಿ ನಾನು ತಲೆ ಎತ್ತಿ ತಿರುಗುವುದು ಬೇಡವಾ? ಸಂಘ ಇಲ್ಲೆ, ಶಾಲೆ ಇಲ್ಲೆ. ಗಾಡಿ ಕಟ್ಟಿಸುತ್ತೇನೆ. ನಾಳೆ ಕುಟ್ಟಕ್ಕೆ ಹೊರಡು ಗೂಡೆ."

ಅಕ್ಕ ಒಳಗೆ ಹೋದಳು. ಗಂಟು ಕಟ್ಟಲು ಹೋದಳೆಂದೇ ನಾವೆಲ್ಲ ತಿಳಿದೆವು. ಗಂಟು ಕಟ್ಟಿಯೇ ಬಂದಳು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಸ್ಲೇಟುಗಳು. ದೊಡ್ಡಪ್ಪನ ಕೈಯಿಂದ ಫಾರಂ ಮೆಲ್ಲಗೆ ಬಿಡಿಸಿಕೊಂಡು ನನಗೆ ಕೊಟ್ಟಳು. ಅಂಗಳಕ್ಕೆ ಇಳಿದಳು.

"ಎಲ್ಲಿಗೆ?"

"ಲೈನಿಗೆ. ಕೋಣೆ ಕೊಟ್ಟಿದ್ದಾರಲ್ಲ."

"ಆ ಲೈನಿಗೆ ಕಾಲಿಟ್ಟರೆ ನೀನು ಈ ಮನೆಯವಳಲ್ಲ!" ದೊಡ್ಡಪ್ಪನ ಧ್ವನಿಗೆ ಹಟ್ಟಿಯ ದನ ಎದ್ದು ನಿಂತಿತು.

ಅಕ್ಕ ತಿರುಗಿದಳು. "ಈ ಮನೆಯವಳಲ್ಲ ಅಂದರೆ, ನನ್ನನ್ನು ಕುಟ್ಟಕ್ಕೆ ಕಳುಹಿಸಲಿಕ್ಕೆ ನೀವು ಯಾರು?"

ಮೂಗಿನ ಸದ್ದು ಅರ್ಧ ಬಂದು ನಿಂತುಬಿಟ್ಟಿತು. ಆ ಅರ್ಧ ಸದ್ದನ್ನು ನಾನು ಎಷ್ಟು ಸಲ ಪ್ರಯತ್ನಿಸಿದರೂ ಹೊರಡಿಸಲು ಆಗಿಲ್ಲ.

ಲೈನಿನ ಕೋಣೆಯ ಬೀಗ ತೆಗೆಯಬೇಕಾದವರು ರೈಟರೇ. ದೊರೆಯ ಚೀಟಿ ಅವರ ಕೈಯಲ್ಲಿತ್ತು. ಬೀಗ ತೆಗೆದು, ಬೀಗದ ಕೈಯನ್ನು ಅಕ್ಕನ ಕೈಗೆ ಕೊಡದೆ ಹೊಸ್ತಿಲ ಮೇಲೆ ಎಸೆದು, "ಕೈ ಕಡಿಮೆಯಾದ್ರೆ ನಿಮ್ಮನ್ನೇ ಹಣ್ಣಿಗೆ ಇಳಿಸ್ತೇನೆ ನೋಡಿ" ಎಂದು ಹೋದರು. ಅಕ್ಕ ಬಗ್ಗಿ ಬೀಗದ ಕೈ ಎತ್ತಿಕೊಂಡಳು. ಫಾರಂ ಅಲ್ಲೇ ಕೂತು ತುಂಬಿದೆವು. ಕೆಳಗೆ ಅವಳು ಸಹಿ ಹಾಕಿದಳು, ಕನ್ನಡದಲ್ಲಿ, ಬಾಲವಿಲ್ಲದ ಪುಟ್ಟ ಸಹಿ. ಊರಿನ ಹುಡುಗಿಯರನ್ನು ಮನೆಯವರು ಬಿಡಿಸಿದರು. ಹೆಚ್ಚಿನವರು ಇನ್ನೂ ಬಂದಿಲ್ಲ. ದಾರಿಯಲ್ಲಿ ಸಿಕ್ಕಿದರೆ ಅವರ ತಾಯಂದಿರು ಅಕ್ಕನನ್ನು ಕಂಡು ಮುಖ ತಿರುಗಿಸುತ್ತಾರೆ. ಅಕ್ಕನೇನು ಕಡಿಮೆಯೇ, ಅವಳೂ ತಿರುಗಿಸುತ್ತಾಳೆ.

ಇದೆಲ್ಲ ನಡೆದು ಬಹಳ ಕಾಲವಾಗಿಲ್ಲ. ದೊಡ್ಡಪ್ಪನಿಗೆ ಬಿರುದು ಬರಲಿಲ್ಲ. ಅಕ್ಕನ ಹೆಸರು ಮನೆಯಲ್ಲಿ ಎತ್ತುವಂತಿಲ್ಲ. ಮೊನ್ನೆ ಜಗಲಿಯಲ್ಲಿ ಅವರೊಬ್ಬರೇ ಇದ್ದಾಗ ಆ ಹಳೆಯ ನೋಟೀಸನ್ನು ತೆಗೆದುಕೊಂಡು ಹೋಗಿ ಮುಂದಿಟ್ಟೆ. ಯಾರ ಹಾಗೂ ಮಾಡದೆ, ಬೆರಳಿಟ್ಟು, ಒಂದೊಂದೇ ಪದವಾಗಿ ಓದಿ ತಿಳಿಸಿದೆ. "ದೊಡ್ಡಪ್ಪ, ಲೈನ್ ಅಂದರೆ ಇಲ್ಲಿ ಸಾಲು. ಬರೆಯುವ ಸಾಲು. ನೀವು ತಪ್ಪು ಓದಿದಿರಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಹಾಗಾದರೆ ನಿನ್ನ ಅಕ್ಕ ಈಗ ಎಲ್ಲಿ ಕೂತಿದ್ದಾಳೆ?" ಎಂದರು. "ಬರೆಯುವ ಸಾಲಿನಲ್ಲಾ?"